ಮಾವನ ಕಾಲ, ಅತ್ತೆಯ ಹೆಪ್ಪು

ಬೆಳಗ್ಗೆ ಮೊಸರಿನ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ವಾಸನೆ ನಿಮಗೂ ಗೊತ್ತಿರುತ್ತದೆ. ಹುಳಿ ಎನ್ನುವಂತಿಲ್ಲ, ಸಿಹಿ ಎನ್ನುವಂತಿಲ್ಲ. ಹಸುಗೂಸಿನ ನೆತ್ತಿಯ ವಾಸನೆಗೂ ಅದಕ್ಕೂ ದೂರದ ನೆಂಟಸ್ತಿಕೆ ಇದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕಳೆದ ಭಾನುವಾರ ಯಲಹಂಕದ ನಮ್ಮ ಅಡುಗೆಮನೆಯಲ್ಲಿ ಆ ವಾಸನೆಯ ಮುಂದೆ ನಾನು ಚಮಚ ಹಿಡಿದು ಐದು ನಿಮಿಷ ಸುಮ್ಮನೆ ನಿಂತಿದ್ದೆ. ಮಗಳು ಹೆಬ್ಬಾಳದಲ್ಲಿ ಹೊಸ ಸಂಸಾರ ಹೂಡಿದ್ದಾಳೆ. ಹಿಂದಿನ ದಿನ ಫೋನ್ ಮಾಡಿ, "ಅಪ್ಪಾ, ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲಾ ಬಂತು. ಹೆಪ್ಪು ಒಂದೇ ಬಾಕಿ. ಬಾಗಲಗುಂಟೆ ಅಜ್ಜಿ ತವರಿಂದ ತಂದಿದ್ದು ಅಂತೀರಲ್ಲ, ಅದೇ ಬೇಕು ನಂಗೆ. ನಾಳೆ ಮಧ್ಯಾಹ್ನ ಬರ್ತೀನಿ" ಎಂದಿದ್ದಳು.

ಒಂದು ಚಮಚ ಮೊಸರನ್ನು ಡಬ್ಬಿಗೆ ಹಾಕುವುದು ಎಷ್ಟು ಹೊತ್ತಿನ ಕೆಲಸ? ಆದರೆ ಆ ಮೊಸರು ಅತ್ತೆಯ ತವರಿನದಲ್ಲ ಎಂಬುದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದ ಇನ್ನೊಬ್ಬರೆಂದರೆ ನಮ್ಮ ಮಾವ. ಅವರು ತೀರಿಕೊಂಡು ಎಂಟು ವರ್ಷವಾಯಿತು.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಮಗಳು ಹೇಳಿದ ಬಾಗಲಗುಂಟೆ ಅಜ್ಜಿ ಅವರ ಹೆಂಡತಿ, ನನ್ನ ಅತ್ತೆ. ನಮ್ಮ ತಂದೆಗೆ ಊರಿಂದೂರಿಗೆ ವರ್ಗವಾಗುತ್ತಲೇ ಇದ್ದುದರಿಂದ ಕಾಲೇಜಿನ ಮೂರು ವರ್ಷ ನಾನು ಬಾಗಲಗುಂಟೆಯ ಅವರ ಮನೆಯಲ್ಲಿದ್ದೆ. ಮಾವ ಯಶವಂತಪುರದ ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರಾಗಿ ಆಯುಷ್ಯವೆಲ್ಲ ಗಡಿಯಾರ ನೋಡಿಕೊಂಡು ಬದುಕಿದವರು. ನಿವೃತ್ತಿಯಾದ ದಿನ ಮನೆಗೆ ಬಂದು ಕೈಗಡಿಯಾರ ಬಿಚ್ಚಿ ಬೀರುವಿನಲ್ಲಿಟ್ಟು, ಕಾಲ ಎನ್ನುವುದು ಮಾಯೆ ಎಂದು ಘೋಷಿಸಿದರು. ಅಲ್ಲಿಂದ ಮುಂದೆ ಮದುವೆ ಮನೆಗೆ ಹೊರಡುವುದು ತಡವಾದರೂ, ಹಾಲಿನ ಬೂತ್ ಮುಚ್ಚಿಹೋದರೂ ಅದೇ ಉತ್ತರ.

"ಗಾಡಿ ಬರ್ತದೆ, ಹೋಗ್ತದೆ. ಪ್ಲಾಟ್‌ಫಾರಂ ಎಲ್ಲಿಗಾದ್ರೂ ಹೋಗ್ತದೇನೋ?" ಎಂದು ನನ್ನನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. "ಕಾಲ ಪ್ಲಾಟ್‌ಫಾರಂ ಇದ್ದಂಗೆ ಕಣೋ. ಇದ್ದಲ್ಲೇ ಇರ್ತದೆ. ನಾವು ಕಿಟಕೀಲಿ ಕೂತು, ಅದು ಓಡ್ತಾ ಇದೆ ಅಂದ್ಕೋತೀವಿ."

ಅತ್ತೆ ಹುಣಸಮಾರನಹಳ್ಳಿಯವರು. ಅವರ ಬಾಯಲ್ಲಿ ಹಾಲು ಆಲಾಗುತ್ತಿತ್ತು, ಹೆಪ್ಪು ಎಪ್ಪಾಗುತ್ತಿತ್ತು. ಒಳಗಿನಿಂದ ಅವರ ಉತ್ತರ ಬರುತ್ತಿತ್ತು. "ಅಂಗಾದ್ರೆ ನಿನ್ನೆ ಮೊಸರು ಇವತ್ತು ಯಾಕ್ರೀ ಉಳಿ ಬಂತು? ಕಾಲ ಓಗಿಲ್ಲ ಅಂದ್ರೆ ಸಿಹಿಯಾಗೇ ಇರ್ಬೇಕಿತ್ತು."

ಮಾವ ಸೋಲುವವರಲ್ಲ. "ಆ ಮೊಸರು ನಿಮ್ಮಮ್ಮ ಹೆಪ್ಪು ಹಾಕಿದ್ದು ತಾನೆ? ನಿಮ್ಮಮ್ಮ ಹೋಗಿ ಎಷ್ಟು ವರ್ಷ ಆಯ್ತು? ಅವರ ಮೊಸರು ಇನ್ನೂ ನಮ್ಮ ತಟ್ಟೇಲಿದೆ. ಎಲ್ಲಿ ಹೋಯ್ತೇ ನಿನ್ನ ಕಾಲ?"

ಆ ಮಾತನ್ನು ಮಾತ್ರ ಅತ್ತೆ ನಗುತ್ತಾ ಒಪ್ಪಿಕೊಳ್ಳುತ್ತಿದ್ದರು. ಅದು ನಿಜವೂ ಆಗಿತ್ತು. ಮದುವೆಯಾಗಿ ಬರುವಾಗ ಅವರು ತಾಯಿಯ ಮನೆಯಿಂದ ಒಂದು ಪಿಂಗಾಣಿ ಬಟ್ಟಲಲ್ಲಿ ಹೆಪ್ಪು ತಂದಿದ್ದರು. ದಿನಾ ಅದೇ ಬಟ್ಟಲಿಗೆ ಒಂದು ಚಮಚ ಮೊಸರು ತೆಗೆದಿಟ್ಟ ಮೇಲೆಯೇ ಬಡಿಸುವುದು ಆ ಮನೆಯ ಪದ್ಧತಿ. ಎಂಥ ನೆಂಟರು ಕೂತಿರಲಿ, ಎಲೆಯ ಮೇಲೆ ಅನ್ನ ಆರುತ್ತಿರಲಿ, ಮೊದಲು ಬಟ್ಟಲಿಗೆ, ಆಮೇಲೆ ಎಲೆಗೆ. ತವರಿನಲ್ಲಿ ದನ ಮಾರಿದ ಮೇಲೆ ಅಲ್ಲಿ ಆ ಮೊಸರು ನಿಂತುಹೋಯಿತು. ಉಳಿದದ್ದು ಈ ಬಟ್ಟಲಲ್ಲಿ ಮಾತ್ರ ಎಂದು ಮಾವನೂ ನಾನೂ ತಿಳಿದಿದ್ದೆವು.

ಹಾಲು ಯಾವ ಗಳಿಗೆಯಲ್ಲಿ ಮೊಸರಾಗುತ್ತದೆ ಎಂದು ಕಂಡುಹಿಡಿಯುವ ಹುಚ್ಚು ನನಗೆ ಆಗ ಹಿಡಿದಿತ್ತು. ಮಾವನ ಪಾಠದ ಪರಿಣಾಮ. ಗಳಿಗೆಗೊಮ್ಮೆ ಮುಚ್ಚಳ ತೆಗೆದು ಪಾತ್ರೆಯನ್ನು ಓರೆ ಮಾಡಿ ನೋಡುತ್ತಿದ್ದೆ. "ಅದನ್ನ ಅಲ್ಲಾಡಿಸ್ಬೇಡ, ಕೂತ್ಕೊಳ್ಳಿ ಪಾಪ" ಎಂದು ಅತ್ತೆ ನನ್ನ ಕೈಮೇಲೆ ಹೊಡೆಯುತ್ತಿದ್ದರು. ನೋಡುವಾಗೆಲ್ಲ ಹಾಲೇ ಆಗಿರುತ್ತಿತ್ತು. ನೋಡುವುದನ್ನು ಬಿಟ್ಟಾಗ ಮೊಸರಾಗಿರುತ್ತಿತ್ತು. ನನ್ನ ತಲೆ ನೆರೆತದ್ದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ಹೀಗಿರುವಾಗ ಅತ್ತೆ ಬೀದಿಯ ಹೆಂಗಸರ ಜೊತೆ ಹತ್ತು ದಿನ ಕಾಶಿಗೆ ಹೊರಟರು. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು. "ನೀವಿಬ್ರೂ ಉಪವಾಸ ಇದ್ರೂ ಚಿಂತೆ ಇಲ್ಲ, ಎಪ್ಪು ಮಾತ್ರ ಮರೀಬೇಡ."

ಆರು ದಿನ ಶ್ರದ್ಧೆಯಿಂದ ನಡೆಸಿದೆ. ಏಳನೆಯ ದಿನ ಕಾಲೇಜಿನಲ್ಲಿ ಕಬಡ್ಡಿ ಆಡಿ ಹಸಿದು ಬಂದೆ. ನಿಯಮದಂತೆ ಬಟ್ಟಲಿಗೆ ಹೆಪ್ಪು ತೆಗೆದಿಟ್ಟೇ ಊಟಕ್ಕೆ ಕೂತೆ. ಮಿಡಿ ಉಪ್ಪಿನಕಾಯಿ ಇತ್ತು, ಬಿಸಿ ಅನ್ನ ಇತ್ತು. ಎದುರಿಗೆ ಮಾವ ಭರ್ಜರಿ ಲಹರಿಯಲ್ಲಿದ್ದರು. "ನಿನ್ನೆ ಅನ್ನೋದು ಬರೀ ನೆನಪು. ನಾಳೆ ಅನ್ನೋದು ಬರೀ ಊಹೆ. ಇರೋದು ಈಗ ಒಂದೇ ಕಣೋ" ಎಂದು ತುತ್ತಿಗೊಮ್ಮೆ ಸಾರುತ್ತಿದ್ದರು. ಆ ಮಾತು ನನ್ನ ನೆತ್ತಿಗೇರಿತು. ಪಾತ್ರೆ ಖಾಲಿಯಾಗಿತ್ತು, ತಟ್ಟೆಯಲ್ಲಿ ಇನ್ನೂ ಒಂದು ಹಿಡಿ ಅನ್ನ ಉಳಿದಿತ್ತು. ಕೈ ಚಾಚಿದೆ, ಬಟ್ಟಲು ಸಿಕ್ಕಿತು, ಸುರಿದುಕೊಂಡೆ. ಸುರಿದುಕೊಂಡದ್ದೂ ಅಲ್ಲದೆ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದೆ.

ಕೈ ತೊಳೆದು ಬಂದಾಗ ಒಲೆಯ ಪಕ್ಕದಲ್ಲಿ ಕಾಸಿದ ಹಾಲು ಉಗುರುಬೆಚ್ಚಗೆ ಹೆಪ್ಪಿಗಾಗಿ ಕಾಯುತ್ತಿತ್ತು. ಖಾಲಿ ಬಟ್ಟಲನ್ನು ಮಾವನ ಮುಂದೆ ಹಿಡಿದೆ. ಅವರ ಮುಖ ಆ ಬಟ್ಟಲಿನಷ್ಟೇ ಬೆಳ್ಳಗಾಯಿತು.

"ಮಾವ, ಕಾಲ ಮಾಯೆ ಅಂದ್ರಲ್ಲ. ಒಂದ್ ಹತ್ತು ನಿಮಿಷ ಹಿಂದಕ್ಕೆ ಹೋಗೋಕಾಗುತ್ತಾ?"

"ತಮಾಷೆ ಸಾಕು, ಚಪ್ಪಲಿ ಮೆಟ್ಕೋ" ಎಂದರು.

ಮೂಲೆಯ ಹೋಟೆಲಿನಿಂದ ಒಂದು ಲೋಟ ಮೊಸರು ತಂದು ಹೆಪ್ಪು ಹಾಕಿದೆವು. ಮರುದಿನ ಮೊಸರೇನೋ ಆಯಿತು. ಆದರೆ ಚಮಚ ಎತ್ತಿದರೆ ನೂಲಿನಂತೆ ಎಳೆ ಬರುತ್ತಿತ್ತು. ಮಾವ ನನ್ನನ್ನು ಪಕ್ಕಕ್ಕೆ ಕರೆದು, "ಇದು ನನ್ನ ನಿನ್ನ ನಡುವೆ ಇರ್ಲಿ. ಪ್ರಾಣ ಹೋದ್ರೂ ಬಾಯಿ ಬಿಡಬಾರ್ದು" ಎಂದರು. ನಾನು ಮಾತು ಕೊಟ್ಟೆ. ಅತ್ತೆ ಬರುವ ದಿನ ಮಾವ ಬೀರುವಿನಿಂದ ಗಡಿಯಾರ ತೆಗೆದು ಕಟ್ಟಿಕೊಂಡು, ಗಾಡಿಗೆ ಒಂದು ಗಂಟೆ ಮುಂಚೆಯೇ ಯಶವಂತಪುರಕ್ಕೆ ಹೋಗಿ ಕರೆತಂದರು.

ಅತ್ತೆ ಸ್ನಾನ ಮಾಡಿ ಊಟಕ್ಕೆ ಕೂತು ಮೊಸರನ್ನದ ಒಂದು ತುತ್ತು ಬಾಯಿಗಿಟ್ಟು, ನನ್ನನ್ನು ನೋಡಿದರು. "ಆಲು ನೀರಾಗಿತ್ತೇನೋ" ಎಂದರು. ಅಷ್ಟೇ. ಎರಡು ದಿನದಲ್ಲಿ ಮೊಸರು ಮೊದಲಿನಂತೆ ಗಟ್ಟಿಯಾಗಿ ಬರತೊಡಗಿತು. ಅದು ಅತ್ತೆಯ ಕೈಗುಣ ಎಂದುಕೊಂಡೆ.

ಅಲ್ಲಿಂದ ಶುರುವಾದದ್ದು ನನ್ನ ಮೂವತ್ತು ವರ್ಷದ ಸಂಕಟ. ಬೀದಿಗೆ ಯಾವ ಹೊಸ ಸೊಸೆ ಬಂದರೂ, ಬಾಡಿಗೆಗೆ ಯಾವ ಸಂಸಾರ ಬಂದರೂ ಅತ್ತೆ ಎಂದಿನಂತೆ ಹೆಪ್ಪು ಕೊಟ್ಟು, "ನಮ್ಮಮ್ಮನ ಕಾಲದ್ದು ಕಣವ್ವಾ" ಎನ್ನುವರು. ನಾನು ನೆಲ ನೋಡುವೆ. ಮಾವ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಡುವರು. ನನ್ನ ಮದುವೆಯಾದಾಗ ನನ್ನ ಹೆಂಡತಿಯ ಕೈಗೂ ಒಂದು ಬಟ್ಟಲು ಬಂತು. "ಮೊದ್ಲು ಎಪ್ಪು ತೆಗ್ದು ಬೀರೂಲಿಟ್ಟು ಬೀಗ ಆಕು, ಆಮೇಲೆ ಇವನಿಗೆ ಬಡಿಸು" ಎಂದು ಅತ್ತೆ ನಕ್ಕರು. ಎಲ್ಲರೂ ನಕ್ಕರು. ಆ ಚಳಿಗಾಲದಲ್ಲೂ ನಾನು ಬೆವೆತೆ.

ಇನ್ನು ಮಗಳಿಗೂ ಇದೇ ಸುಳ್ಳನ್ನು ಡಬ್ಬಿಗೆ ತುಂಬಿ ಕೊಡಬೇಕೆ? ಚಮಚ ಕೆಳಗಿಟ್ಟೆ, ಬಾಗಲಗುಂಟೆಗೆ ಗಾಡಿ ತೆಗೆದೆ. ಗಂಗಮ್ಮನ ಗುಡಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಮೂವತ್ತು ವರ್ಷ ಬೇಗ ಹೋಯಿತು, ಈ ಸಿಗ್ನಲ್ ಮಾತ್ರ ಹೋಗುತ್ತಿಲ್ಲ ಎನ್ನಿಸಿತು.

ಅತ್ತೆಗೆ ಈಗ ಎಂಬತ್ತೆರಡು. ಜಗಲಿಯ ಬಿಸಿಲಿನಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ನೀರನ್ನೂ ಕುಡಿಯದೆ ಎಲ್ಲವನ್ನೂ ಒದರಿಬಿಟ್ಟೆ. ಕಬಡ್ಡಿ, ಉಪ್ಪಿನಕಾಯಿ, ಬಳಿದ ಬಟ್ಟಲು, ಹೋಟೆಲಿನ ಲೋಟ, ಮಾವನಿಗೆ ಕೊಟ್ಟ ಮಾತು. "ನಿಮ್ಮಮ್ಮನ ಹೆಪ್ಪನ್ನ ಕೊನೆಗಾಣಿಸಿದ್ದು ನಾನೇ ಅತ್ತೆ" ಎಂದೆ.

ಅತ್ತೆ ಸೊಪ್ಪಿನ ಕಡ್ಡಿಯೊಂದನ್ನು ಪಕ್ಕಕ್ಕೆ ಎಸೆದರು. "ಗೊತ್ತು ಕಣೋ. ನಿಮ್ ಮಾವ ಅವತ್ತೇ ಏಳಿದ್ರು."

"ಯಾವತ್ತು?"

"ಅವತ್ತೇ, ಯಶವಂತಪುರ ಸ್ಟೇಷನ್ನಲ್ಲಿ. ನಾನಿನ್ನೂ ಬ್ಯಾಗ್ ಕೆಳಗಿಳಿಸಿರ್ಲಿಲ್ಲ. ಎಪ್ಪು ಓಯ್ತು ಕಣೇ, ಉಡುಗನ್ನ ಏನೂ ಅನ್ಬೇಡ ಅಂತ ಪ್ಲಾಟ್‌ಫಾರಂನಲ್ಲೇ ಶುರು ಅಚ್ಕೊಂಡ್ರು."

"ಮತ್ತೆ ಆ ಮೊಸರು?"

"ಇಂದ್ಗಡೆ ಬೀದಿ ಜಯಮ್ಮಂಗೆ ಕೊಟ್ಟಿದ್ನಲ್ಲ, ಮಾರನೇ ದಿನ ಬೆಳಗ್ಗೆ ಓಗಿ ಅವಳ ಅತ್ರ ಒಂದ್ ಚಮಚ ಇಸ್ಕೊಂಡ್ ಬಂದೆ. ನಮ್ಮನೇದೇ ಎಪ್ಪು. ಈ ಬೀದೀಲಿ ಯಾರ ಮನೇಲಿ ಇರ್ಲಿಲ್ಲ ಏಳು. ಇನ್ಯಾತಕ್ಕೆ ಅಂತ ಊರೆಲ್ಲಾ ಅಂಚಿದ್ದು ನಾನು?"

ಕೊಟ್ಟ ಹೆಪ್ಪು ಕೊಟ್ಟ ಮನೆಯಲ್ಲಿ ಬದುಕಿರುತ್ತದೆ ಎಂಬುದು ಕಾಲದ ಬಗ್ಗೆ ಅಷ್ಟೆಲ್ಲ ತಿಳಿದಿದ್ದ ಇಬ್ಬರು ಗಂಡಸರಿಗೂ ಹೊಳೆದಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾರದ ನಗು. ಪ್ಲಾಟ್‌ಫಾರಂನಲ್ಲೇ ಎಲ್ಲ ಒದರಿ ಬಂದು, ಆಮೇಲೆ ಅಷ್ಟು ವರ್ಷ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಡುತ್ತಿದ್ದ ಮಾವನ ಮುಖ ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ನನಗೆ ಯಾಕ್ ಹೇಳ್ಲಿಲ್ಲ ಅತ್ತೆ?"

"ನೀನೇ ಬಂದು ಏಳ್ತೀಯ ಅಂತ ಕಾದೆ. ಇವತ್ತು ಏಳ್ತಾನೆ, ನಾಳೆ ಏಳ್ತಾನೆ ಅಂತ. ಆಮೇಲೆ ನಂಗೇ ಮರ್ತೋಯ್ತು." ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. "ಬಿಡಿಸು, ಸುಮ್ನೆ ಕೂತ್ಕೋಬೇಡ."

ಸೊಪ್ಪು ಬಿಡಿಸುತ್ತಾ ಲೆಕ್ಕ ಹಾಕಿದೆ. ನಾನು ಮೂವತ್ತು ವರ್ಷ ಹೊತ್ತ ತಪ್ಪು ನಾಲ್ಕೇ ದಿನದ ಮಟ್ಟಿಗೆ ಇದ್ದದ್ದು. ಹಾಗಾದರೆ ಆ ಮೂವತ್ತು ವರ್ಷ ನಿಜವೋ, ಮಾಯೆಯೋ? ಜಗಲಿಯ ಮೂಲೆಯಲ್ಲಿದ್ದ ಮಾವನ ಖಾಲಿ ಕುರ್ಚಿಯನ್ನು ನೋಡಿದರೆ ನಿಜವೇ ಅನ್ನಿಸಿತು. ಅವರನ್ನು ನೆನೆದು ನಮಗಿಬ್ಬರಿಗೂ ಬಂದ ನಗು ಕೇಳಿದರೆ ಅವರು ಇಲ್ಲೇ ಎಲ್ಲೋ ಚಪ್ಪಲಿ ಹುಡುಕುತ್ತಿದ್ದಾರೆ ಅನ್ನಿಸಿತು.

"ಮಾವ ಇದ್ದಿದ್ರೆ ಇವತ್ತು ಗೆದ್ದೆ ಅಂತಿದ್ರು. ಕಾಲ ಮಾಯೆ ಅಂತ" ಎಂದೆ.

"ಮಾಯೇನೋ ಅಲ್ವೋ, ನೀನಂತೂ ಮೂವತ್ ವರ್ಷ ಲೇಟು" ಎಂದರು ಅತ್ತೆ.

ಮಧ್ಯಾಹ್ನ ಮಗಳು ಬಂದಳು. ಮೊದಲು ಅವಳ ಡಬ್ಬಿಗೆ ಒಂದು ಚಮಚ ಹಾಕಿದೆ, ಆಮೇಲೆ ನಮ್ಮ ಬಟ್ಟಲಿಗೆ, ಆಮೇಲೆ ತಟ್ಟೆಗಳಿಗೆ. "ಅಕ್ಕಪಕ್ಕದವರಿಗೂ ಕೊಡು, ಕೇಳ್ದೇ ಇದ್ರೂ ಕೊಡು" ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಉಳಿದ ಮೊಸರಿಗೆ ಬಿಸಿ ಅನ್ನ ಕಲಸಿಕೊಂಡು, ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಒಬ್ಬನೇ ಕೂತೆ. ಮೊದಲ ತುತ್ತು ಬಾಯಿಗಿಟ್ಟಾಗ ಗುರುತು ಸಿಕ್ಕಿತು. ಬಾಗಲಗುಂಟೆಯ ಅಡುಗೆಮನೆಯಲ್ಲಿ ಬಟ್ಟಲು ಬಳಿದು ಮುಗಿಸಿದೆ ಅಂದುಕೊಂಡಿದ್ದ ಮೊಸರನ್ನು ನಾನು ಇನ್ನೂ ಉಣ್ಣುತ್ತಲೇ ಇದ್ದೇನೆ.