ಚೀಲ ಹೊತ್ತವನ ಮೊಣಕಾಲು

ಮಕ್ಕಳ ಚಿತ್ರಕಥೆಗೆ ನಾನು ಬಿಡಿಸಿದ್ದ ಹಮಾಲನ ಪುಟವನ್ನು ಸಂಪಾದಕರು ಎರಡು ಸಲ ಹಿಂದಿರುಗಿಸಿದ್ದರು. ಮೂರನೆಯ ಸಲವೂ ಒಪ್ಪಿಗೆಯಾಗದಿದ್ದರೆ ಕಥೆ ಬೇರೆಯವರ ಪಾಲು. ಸ್ನಾಯುಗಳ ಹೆಸರೆಲ್ಲ ನನಗೆ ಕಾಲೇಜಿನಿಂದಲೇ ಬಾಯಿಪಾಠ. ತಪ್ಪು ಎಲ್ಲಿದೆಯೆಂದು ಮಾತ್ರ ತಿಳಿಯಲಿಲ್ಲ. ಕೊಟ್ಟೂರಿನ ಮಾರುಕಟ್ಟೆಗೆ ಹೋಗಿ, ಮೆಕ್ಕೆಜೋಳದ ಚೀಲ ಹೊರುತ್ತಿದ್ದ ಹಿರಿಯ ಹಮಾಲರೊಬ್ಬರಿಗೆ ಚಿತ್ರ ತೋರಿಸಿದೆ.

“ಏನ್ರಿ ಸರ, ಚೀಲದಾಗ ಹತ್ತಿ ತುಂಬೀರೇನು? ಇವ ಮದುವಿಗೆ ಹೊಂಟಂಗ ನೆಟ್ಟಗ ಅದಾನ!” ಎಂದರು. ಸುತ್ತಲಿದ್ದವರು ನಕ್ಕರು. “ಬರ್ರಿ, ನೀವ ಹೊತ್ತು ನೋಡ್ರಿ.”

ಚೀಲ ಬೆನ್ನಿನ ಮೇಲೆ ಕುಳಿತೊಡನೆ ಕುತ್ತಿಗೆ ಮುಂದೆ ಚಾಚಿತು, ಮೊಣಕಾಲು ಬಾಗಿತು, ಪಾದಗಳು ತಾವಾಗಿಯೇ ಅಗಲವಾದವು. ಚಿತ್ರದಲ್ಲಿ ನಾನು ದಿಗಂತದ ಗೆರೆಯನ್ನು ಸುಮ್ಮನೆ ನಿಂತು ನೋಡುವವನ ಕಣ್ಣಿನ ಎತ್ತರಕ್ಕೆ ಎಳೆದಿದ್ದೆ. ಚೀಲ ಕೆಳಗಿಟ್ಟು ಅಲ್ಲೇ ಕುಳಿತು ಅದನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಹಮಾಲನ ಮೊಣಕಾಲು ಬಾಗಿಸಿ, ಇಡೀ ಪುಟವನ್ನು ಮತ್ತೆ ಬಿಡಿಸಿದೆ. ಚೀಲ ಈಗ ನೋಡುವವನ ಮೇಲೆಯೇ ಬೀಳುವಂತಿತ್ತು.

ಚೀಲ ಹೊತ್ತು ಹತ್ತು ಹೆಜ್ಜೆ ನಡೆದೆ ಎಂದು ನನ್ನ ನೆನಪು. ಎರಡೇ ಇರಬಹುದು, ಆ ಹಿರಿಯರು ಹಿಂದಿನಿಂದ ಚೀಲಕ್ಕೆ ಕೈ ಕೊಟ್ಟಿದ್ದರೋ ಏನೋ. ಆದರೆ ಪುಟ ಅಚ್ಚಾಯಿತು, ಆ ಮೊಣಕಾಲಿನ ಬಗ್ಗೆ ನನಗೆ ಅನುಮಾನವಿಲ್ಲ.