ಸೀಲಿನ ಮೇಲಿನ ವಿಭೂತಿ

ಸ್ನೇಹಿತರೇ, ಇಂದಿನ ಸಂಗತಿಗಳು ಕ್ರಮವಾಗಿ ಹೀಗಿವೆ.

೧. ಗುಡಗೇರಿಯ ನಮ್ಮ ಮೆಣಸಿನಕಾಯಿ ಘಟಕವು ಕಸ್ಟಮ್ಸ್ ಇಲಾಖೆಯ ವಿಶ್ವಾಸಾರ್ಹ ರಫ್ತುದಾರರ ಯೋಜನೆಗೆ ಅರ್ಜಿ ಹಾಕಿದೆ. ಮಾನ್ಯತೆ ಸಿಕ್ಕರೆ ಬಂದರಿನಲ್ಲಿ ನಮ್ಮ ಕಂಟೇನರುಗಳನ್ನು ತೆರೆದು ನೋಡುವುದು ಕಡಿಮೆಯಾಗುತ್ತದೆ.

೨. ಇಂದು ಅಧಿಕಾರಿಗಳು ನಮ್ಮ ಭದ್ರತೆಯನ್ನು ಪರೀಕ್ಷಿಸಲು ಬಂದಿದ್ದರು.

೩. ಕಂಟೇನರಿನ ಬಾಗಿಲಿಗೆ ಸಂಖ್ಯೆಯುಳ್ಳ ಬೀಗದಂಥ ಸೀಲ್ ಹಾಕಿದೊಡನೆ ಗೇಟು ಕಾಯುವ ಗಂಗವ್ವ ಅದಕ್ಕೆ ವಿಭೂತಿ ಹಚ್ಚುವುದು ವಾಡಿಕೆ. ಹಚ್ಚಬಾರದೆಂದು ಕಳೆದ ವಾರ ನಾನು ಲಿಖಿತ ಸೂಚನೆ ಕೊಟ್ಟಿದ್ದೆ.

ಬೆಳಿಗ್ಗೆ ಸೀಲ್ ಹಾಕಿದ್ದ ಕಂಟೇನರಿನ ಲಾರಿ ಊಟದ ನಂತರ ಹೊರಟು ಗೇಟಿಗೆ ಬಂತು. ಸೀಲನ್ನು ಎಳೆದು ನೋಡಿದೆ, ಭದ್ರವಾಗಿತ್ತು. ಗೇಟಿನ ದಾಖಲೆಗೆ ಸಹಿ ಮಾಡಿದೆ. ಗಂಗವ್ವ ಮಾತ್ರ ಗೇಟು ತೆರೆಯಲಿಲ್ಲ.

“ಗಾಡಿ ಬಿಡಂಗಿಲ್ರಿ ಸಾಹೇಬ್ರ.”

“ಯಾಕವ್ವಾ?”

“ಮುಂಜಾನಿ ನಾ ಹಚ್ಚಿದ್ದ ವಿಭೂತಿ ಇದರ ಮ್ಯಾಲ ಇಲ್ಲ. ಇದು ಆ ಬೀಗ ಅಲ್ರಿ.”

“ಹಚ್ಚಬ್ಯಾಡ ಅಂತ ಹೇಳಿದ್ನಲ್ಲಾ?”

“ಹೇಳಿದ್ರಿ. ನಾ ಕೇಳಲಿಲ್ಲ. ನೀವರ ನಂಬರ ಓದಿದ್ರೇನು?”

ಓದಿರಲಿಲ್ಲ. ಈಗ ಓದಿದೆ, ಅದು ದಾಖಲೆಯ ಸಂಖ್ಯೆಗೆ ಹೊಂದಲಿಲ್ಲ. ಹಿರಿಯ ಅಧಿಕಾರಿ ನಗುತ್ತ ಜೇಬಿನಿಂದ ನಮ್ಮ ಮೂಲ ಸೀಲನ್ನು ತೆಗೆದರು. ನಾವು ಊಟಕ್ಕೆ ಕುಳಿತಿದ್ದಾಗ ಅದನ್ನು ಕತ್ತರಿಸಿ ಬೇರೊಂದನ್ನು ಹಾಕಿಸಿದವರು ಅವರೇ. ಬಳಿದ ವಿಭೂತಿ ಅದರ ಮೇಲೆ ಹಾಗೆಯೇ ಇತ್ತು.

“ಗೇಟಿನ ಪರೀಕ್ಷೆಯಲ್ಲಿ ನಿಮ್ಮ ಘಟಕ ಪಾಸ್,” ಎಂದು ಅವರು ಬರೆದುಕೊಂಡರು.

“ನಾ ಪಾಸಾದ್ನಿ ಅಂತ ಬರೀರಿ,” ಎಂದರು ಗಂಗವ್ವ. “ಸಾಹೇಬ್ರದು ಬ್ಯಾರೆ ನೋಡ್ರಿ.”

ನನ್ನ ಸೂಚನೆಯನ್ನು ಹಿಂಪಡೆದಿದ್ದೇನೆ. ನಾಳೆಯಿಂದ ಗೇಟಿನಲ್ಲಿ ಸಂಖ್ಯೆಯನ್ನು ನಾನು ಓದುತ್ತೇನೆ; ವಿಭೂತಿಯನ್ನು ಗಂಗವ್ವ ನೋಡುತ್ತಾರೆ.