ನೀಲಿ ಬಳಿದ ಕೂಸು

ಕುಬುಸ ಮುಗಿದ ಮಾರನೆಯ ವಾರ ಹಸಿರು ಬಳೆ ತೊಟ್ಟ ಕೈಯಲ್ಲೇ ಯೂನಿವರ್ಸಿಟಿ ಲೈಬ್ರರಿಗೆ ಹೋದೆ. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸುವುದು ನಮ್ಮ ಕಡೆಯ ಪದ್ಧತಿ. ಹೈದರಾಬಾದಿಗೆ ಬಂದು ಎರಡು ತಲೆಮಾರಾದರೂ ಅತ್ತೆ ಅದರಲ್ಲಿ ಒಂದಿಷ್ಟೂ ಕಡಿಮೆ ಮಾಡಿರಲಿಲ್ಲ. ನಮ್ಮ ಮನೆಯಿದ್ದ ಕುಷಾಯಿಗೂಡದಿಂದ ಹೊರಟ ಬಸ್ಸಿನಲ್ಲಿ ಬಳೆ ನೋಡಿದವರು ಎದ್ದು ಸೀಟು ಕೊಡುತ್ತಿದ್ದರು. ಲೈಬ್ರರಿಯಲ್ಲಿ ಅದೇ ಬಳೆಯ ಸದ್ದಿಗೆ ತಲೆಯೆತ್ತಿ ಮುಖ ಸಿಂಡರಿಸುತ್ತಿದ್ದರು.

ನಾನು ಎಂ.ಫಿಲ್ ಮಾಡುತ್ತಿದ್ದದ್ದು ಹಳೆಯ ಕಾಲದ ಒಬ್ಬ ಇಂಗ್ಲಿಷ್ ಕವಿಯ ಮೇಲೆ. ಯಾರಿಗೂ ಕಾಣದ್ದು ಅವನಿಗೆ ಕಾಣುತ್ತಿತ್ತಂತೆ. ತನ್ನ ಕವಿತೆಗಳನ್ನು ತಾಮ್ರದ ತಗಡಿನಲ್ಲಿ ತಾನೇ ಕೊರೆದು, ಸುತ್ತ ಚಿತ್ರ ಬರೆದು, ಕೈಯಾರೆ ಬಣ್ಣ ಹಾಕುತ್ತಿದ್ದ. ಯಾವ ಬಣ್ಣಕ್ಕೆ ಯಾವ ಅರ್ಥ ಎಂದು ಹೇಳುವುದು ನನ್ನ ಕೆಲಸ. ಹಸಿರು ಎಂದರೆ ಜೀವ, ನೀಲಿ ಎಂದರೆ ಜೀವ ಆರಿದ್ದು ಎಂದು ಆಗಲೇ ದೊಡ್ಡ ಪಂಡಿತಳಂತೆ ಬರೆದುಬಿಟ್ಟಿದ್ದೆ.

ಆ ದಿನ ತೆರೆದ ಪುಟದಲ್ಲಿ ಹಸಿರು ಉಟ್ಟ ಹೆಂಗಸೊಬ್ಬಳು ತೊಟ್ಟಿಲಿನ ಮೇಲೆ ಬಾಗಿದ್ದಳು. ತೊಟ್ಟಿಲಲ್ಲಿದ್ದ ಕೂಸು ನೀಲಿಯಾಗಿತ್ತು. ಕೈಯ ಹಸಿರು ಬಳೆ ನೋಡಿಕೊಂಡೆ, ಮತ್ತೆ ಪುಟ ನೋಡಿದೆ. ಹಿಂದಿನ ಬಸಿರು ಆರನೇ ತಿಂಗಳಲ್ಲಿ ಹೋಗಿತ್ತು. ಬಣ್ಣದ ಅರ್ಥ ಬರೆದವಳು ನಾನೇ, ಈಗ ಅದು ನನಗೇ ಹೇಳಿದ ಹಾಗಾಯಿತು. ಪುಸ್ತಕ ಮುಚ್ಚಿದೆ. ಬಸ್ಸಿನಲ್ಲಿ ಬರುವಾಗ ಹೊಟ್ಟೆಯಲ್ಲಿ ಕೂಸು ಮಿಸುಕಾಡುತ್ತಿಲ್ಲ ಎನ್ನಿಸಿತು. ಮನೆ ಮುಟ್ಟಿದವಳೇ ಅತ್ತೆಗೆ ಅದನ್ನು ಹೇಳಿದೆ.

ಅತ್ತೆ ಬೆಲ್ಲದ ನೀರು ಕುಡಿಸಿ ಎಡಮಗ್ಗುಲಾಗಿ ಮಲಗಿಸಿದರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂತರು. ಬಹಳ ಹೊತ್ತಾದ ಮೇಲೆ ಒಳಗೆ ಒಂದು ಒದೆತ ಬಿತ್ತು. ಆಗ ಚಿತ್ರದ ಸಂಗತಿ ಹೇಳಿದೆ.

"ಆ ಪುಸ್ತಕ ಇನ್ನ ಮುಟ್ಟಬ್ಯಾಡ," ಎಂದರು.

"ಬರೇ ಚಿತ್ರ ಐತ್ರಿ ಅದು."

"ಬರೇ ಚಿತ್ರಕ್ಕ ಯಾಕ ನಡಗಾಕತ್ತಿ ಮತ್ತ?"



ಮರುದಿನ ನನ್ನ ಎಂ.ಫಿಲ್‌ಗೆ ಗೈಡ್ ಆಗಿದ್ದ ಮೇಷ್ಟ್ರ ಹತ್ತಿರ ಹೋಗಿ ಈ ಅಧ್ಯಾಯ ಬಿಡುತ್ತೇನೆ ಎಂದೆ. ಅವರು ತೆಲುಗಿನವರು, ನಿಧಾನಸ್ಥರು. ಕಾರಣ ಕೇಳಲಿಲ್ಲ. ಕಪಾಟಿನಿಂದ ಬೇರೊಂದು ಪುಸ್ತಕ ತೆಗೆದು ಅದೇ ಚಿತ್ರ ತೋರಿಸಿದರು. ಇದರಲ್ಲಿ ಹೆಂಗಸು ಹಳದಿ ಉಟ್ಟಿದ್ದಳು, ಕೂಸು ಗುಲಾಬಿಯಾಗಿ ಗುಂಡಗಿತ್ತು. ಕವಿಯೂ ಅವನ ಹೆಂಡತಿಯೂ ಕೂತು ಪ್ರತಿಯೊಂದು ಪ್ರತಿಗೂ ಬೇರೆ ಬೇರೆ ದಿನ ಬಣ್ಣ ಹಾಕುತ್ತಿದ್ದರು, ಒಂದರಂತೆ ಇನ್ನೊಂದಿಲ್ಲ ಎಂದರು. ನಮ್ಮ ಲೈಬ್ರರಿಯಲ್ಲಿದ್ದ ಒಂದನ್ನೇ ನೋಡಿ ನಾನು ಅದನ್ನೇ ಕವಿಯ ಮಾತು ಎಂದು ನಂಬಿದ್ದೆ. ಹೋದ ಜೀವ ಬಂದಂತಾಯಿತು, ಹಿಂದೆಯೇ ಆ ಕವಿಯ ಮೇಲೆ ಸಿಟ್ಟೂ ಬಂತು.

ಮೂರನೆಯದೂ ಒಂದಿದೆ, ನೋಡುತ್ತೀಯಾ ಎಂದರು ಮೇಷ್ಟ್ರು. ಬೇಡ ಸರ್ ಎಂದೆ.

ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಇನ್ನೊಂದು ಪುಸ್ತಕದಲ್ಲಿ ಕೂಸು ಕೆಂಪಗೆ ಚೆನ್ನಾಗಿದೆ ಎಂದು ನಗುತ್ತ ಹೇಳಿದೆ. ಅವರು ನಗಲಿಲ್ಲ. ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ನೋಡದೆಯೇ ಅಂದರು:

"ನಿನ್ನ ಗಂಡಗಿಂತ ಮೊದಲ ಒಂದು ಹಡದಿದ್ದೆ. ನೀಲಿ ಆಗಿತ್ತು. ಅಳಲೇ ಇಲ್ಲ. ನಿನಗ ಹೇಳಬಾರದು ಅಂತಿದ್ದೆ."

ಅತ್ತೆ ರೊಟ್ಟಿ ತಿರುವಿ ಹಾಕಿದರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಆದರೆ ದಿನಾ ಊಟವಾದ ಮೇಲೆ ಅವರು ಬಂದು ನನ್ನ ಪಕ್ಕ ಕೂರುತ್ತಿದ್ದರು. ಹೊಟ್ಟೆಯ ಮೇಲೆ ಅವರ ಕೈ, ಆ ಕೈಯ ಮೇಲೆ ನನ್ನ ಕೈ. ಒದೆತ ಬೀಳುವ ತನಕ ಇಬ್ಬರೂ ಉಸಿರು ಬಿಗಿಹಿಡಿದಿರುತ್ತಿದ್ದೆವು. ಆ ಎರಡು ತಿಂಗಳು ಹೇಗೆ ಕಳೆದವೋ ದೇವರೇ ಬಲ್ಲ.

ಹೆರಿಗೆಯಾದಾಗ ನಾನು ಕಣ್ಣು ತೆರೆಯಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಬಾಗಿಲಾಚೆ ನಡೆದದ್ದನ್ನು ಗಂಡ ಆಮೇಲೆ ಹೇಳಿದರು. ನರ್ಸ್ ಹೊರಗೆ ಬಂದ ಕೂಡಲೇ ಅತ್ತೆ, ಗಂಡೋ ಹೆಣ್ಣೋ ಎಂದು ಕೇಳದೆ, ಕೂಸಿನ ಬಣ್ಣ ಯಾವುದು ಎಂದು ತೆಲುಗಿನಲ್ಲಿ ಕೇಳಿದರಂತೆ. ನರ್ಸಿಗೆ ರೇಗಿತಂತೆ. ಹೆಣ್ಣು, ಬಣ್ಣ ಸ್ವಲ್ಪ ಕಪ್ಪೇ, ಅದನ್ನೇ ಹಿಡಿದು ಸೊಸೆಯ ಜೀವ ತಿನ್ನಬೇಡಿ ಎಂದು ಬೈದಳಂತೆ.

ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತು, "ಅಳಾಕತ್ತೈತೇನ್ರಿ?" ಎಂದರಂತೆ, ಕನ್ನಡದಲ್ಲೇ. ಒಳಗಿನಿಂದ ಅಳು ಆಗಿನಿಂದಲೂ ಜೋರಾಗಿ ಕೇಳುತ್ತಲೇ ಇತ್ತು. ಅದು ಬೇರೆ ಯಾರದೋ ಕೂಸು ಎಂದುಕೊಂಡಿದ್ದರಂತೆ ಅವರು.